ಸೋರುವ ಮಾಳಿಗೆಯ ಕೆಳಗೆ

ನಂದಿಯ ಬೆಟ್ಟವನ್ನು ಹತ್ತದ ಬೆಂಗಳೂರಿನವರು ಕಡಿಮೆ. ಬೆಟ್ಟದ ಬುಡದಲ್ಲಿರುವ ನಂದಿ ಗ್ರಾಮದಲ್ಲಿ ಇಳಿದು ನಿಂತವರೂ ಅಷ್ಟೇ ಕಡಿಮೆ. ಭಾನುವಾರದ ಬೆಳಗಿನ ಜಾವ ಮಂಜನ್ನು ನೋಡುವ ಆತುರದಲ್ಲಿ ಸಾಲುಗಟ್ಟಿ ಏರುವ ವಾಹನಗಳವರಿಗೆ ಕೆಳಗೊಂದು ಊರಿದೆಯೆಂಬುದೂ, ಆ ಊರಿನಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಭೋಗನಂದೀಶ್ವರನ ಗುಡಿಯಿದೆಯೆಂಬುದೂ ನೆನಪಾಗುವುದು ಹಿಂತಿರುಗುವಾಗ, ಅದೂ ಹಸಿವಾದ ಮೇಲೆ. ಹೀಗೆಂದು ಹೇಳಿ ನಗುವವರು ಆ ಊರಿನ ಮೇಷ್ಟರು. ಅವರಿಗೆ ಹೆಸರಿಲ್ಲವೆಂದಲ್ಲ, ಸುತ್ತಿನ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಕಲಿಸಿ ನಿವೃತ್ತರಾದವರನ್ನು ಹೆಸರು ಹಿಡಿದು ಕರೆಯುವ ಧೈರ್ಯ ಊರಿನಲ್ಲಿ ಯಾರಿಗೂ ಇಲ್ಲ.

ಮೇಷ್ಟರಿಗೆ ಎರಡು ಅಭಿಮಾನಗಳುಂಟು. ಒಂದು, ಗುಡಿ. ದೂರದ ನೆಂಟರು ಬಂದರೆ ಕಾಫಿಗಿಂತ ಮೊದಲು ಗುಡಿಯ ದರ್ಶನವಾಗಬೇಕು. ಒಂಬತ್ತನೆಯ ಶತಮಾನದ ಕಟ್ಟಡ ಎಲ್ಲಿ ಮುಗಿಯಿತು, ಅದಕ್ಕೆ ಚೋಳರು ಏನನ್ನು ಸೇರಿಸಿದರು, ಹೊಯ್ಸಳರ ಕೈ ಎಲ್ಲಿ ಕಾಣುತ್ತದೆ, ವಿಜಯನಗರದವರು ಎಲ್ಲಿಂದ ಕಂಬಗಳನ್ನು ನಿಲ್ಲಿಸುತ್ತ ಹೋದರು ಎಂಬುದನ್ನೆಲ್ಲ ಬೆರಳು ತೋರಿಸಿ ಹೇಳುತ್ತಾರೆ. ಅರುಣಾಚಲೇಶ್ವರನಿಗೂ ಭೋಗನಂದೀಶ್ವರನಿಗೂ ನಡುವೆ ಉಮಾಮಹೇಶ್ವರನ ಗುಡಿ ಬಂದು ಸೇರಿದ ಬಗೆಯನ್ನು ವಿವರಿಸುವಾಗ, ತಮ್ಮ ಮನೆಯಲ್ಲೇ ನಡೆದ ಮದುವೆಯ ಸುದ್ದಿಯನ್ನು ಹೇಳುವಷ್ಟು ಸಂತೋಷ ಅವರ ದನಿಯಲ್ಲಿರುತ್ತದೆ.

ಇನ್ನೊಂದು ಅಭಿಮಾನ, ತಂಬೂರಿ. ಶನಿವಾರ ಸಂಜೆಯ ಭಜನೆಯಲ್ಲಿ ತತ್ತ್ವಪದಗಳನ್ನು ಹಾಡುವುದು ಅವರು ಚಿಕ್ಕಂದಿನಿಂದ ರೂಢಿಸಿಕೊಂಡು ಬಂದ ವ್ರತ. ಆ ಸೀಮೆಗೆ ತತ್ತ್ವಪದ ಹೊರಗಿನಿಂದ ಬಂದದ್ದಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಬಳೆ ಮಾರುತ್ತಿದ್ದ ನಾರೇಯಣ ಯೋಗಿಗಳು, ಜನರ ಬಾಯಲ್ಲಿ ಕೈವಾರದ ತಾತಯ್ಯನವರು, ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಪದಗಳನ್ನು ಕಟ್ಟಿದರು. ಇಂದಿಗೂ ಗುರುಪೂರ್ಣಿಮೆಯ ವೇಳೆಗೆ ಕೈವಾರದಲ್ಲಿ ಅಹೋರಾತ್ರಿ ಸಂಗೀತ ನಡೆಯುತ್ತದೆ. ಊರೂರಿನ ಭಜನೆಯ ತಂಡಗಳು ತಾಳ ತಂಬೂರಿಗಳೊಡನೆ ಬಂದು ಸೇರುತ್ತವೆ. ನಂದಿಯ ತಂಡದಲ್ಲಿ ಒಂದು ಕಾಲಕ್ಕೆ ಹನ್ನೊಂದು ಮಂದಿಯಿದ್ದರು. ಈಗ ಉಳಿದಿರುವವರು ಮೂವರು. ಅವರಲ್ಲಿ ಒಬ್ಬರಿಗೆ ಕಿವಿ ಕೇಳಿಸದು. ಇನ್ನೊಬ್ಬರನ್ನು ಮಗ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದಾನೆ. ಲೆಕ್ಕದಲ್ಲಿ ಮೂವರಾದರೂ ಹಾಡಿನಲ್ಲಿ ಒಬ್ಬರೇ. ಹೀಗಾಗಿ ತಂಬೂರಿ ಎರಡು ವರ್ಷಗಳಿಂದ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ವಾರಕ್ಕೊಮ್ಮೆ ಅದರ ಧೂಳನ್ನು ಒರೆಸುವವರು ಮೇಷ್ಟರೇ. ಆ ಕೆಲಸವನ್ನು ಅವರು ಮಡದಿಗೂ ಬಿಟ್ಟುಕೊಡರು.

ಮೇಷ್ಟರ ಮನೆ ಹಳೆಯ ಮಾಳಿಗೆ ಮನೆ; ತೆಲುಗಿನವರು ಮಿದ್ದೆ ಎನ್ನುವಂಥದು. ತೊಲೆ, ತೊಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಚೌಳು ಮಣ್ಣು. ವರ್ಷಕ್ಕೊಮ್ಮೆ ಮಳೆಗೆ ಮೊದಲು ಹೊಸ ಮಣ್ಣನ್ನು ಹೊತ್ತು ಹಾಕಿ ತುಳಿದರೆ ಆ ಮಾಳಿಗೆಯಷ್ಟು ತಂಪಾದುದು ಬೇರೊಂದಿಲ್ಲ. ಹಾಕದಿದ್ದರೆ ಅದರಷ್ಟು ಸೋರುವುದೂ ಬೇರೊಂದಿಲ್ಲ. ಮಣ್ಣು ಹೊರುವ ಆಳು ಸಿಕ್ಕದೆ ಮೂರು ವರ್ಷಗಳಾದವು. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರದ ಕೆಲಸದಲ್ಲಿರುವ ಮಗ, "ಕೆಡವಿ ತಾರಸಿ ಹಾಕಿಸಿಬಿಡೋಣ, ಅಪ್ಪ" ಎಂದು ಪ್ರತಿ ಯುಗಾದಿಗೂ ಹೇಳುತ್ತಾನೆ. "ನಾನು ಹೋದ ಮೇಲೆ" ಎಂದು ಮೇಷ್ಟರು ಪ್ರತಿ ಯುಗಾದಿಗೂ ಉತ್ತರಿಸುತ್ತಾರೆ. ತಂದೆಮಕ್ಕಳ ನಡುವೆ ಅದಕ್ಕಿಂತ ಹೆಚ್ಚಿನ ಮಾತು ಬಹಳ ಕಾಲದಿಂದ ಇಲ್ಲ. ಜಗಳವೂ ಇಲ್ಲ. ಜಗಳವಿದ್ದಿದ್ದರೆ ಮಾತಾದರೂ ಇರುತ್ತಿತ್ತು.

ಹೀಗಿರುವಾಗ ಒಂದು ಶಿವರಾತ್ರಿಯ ಜಾತ್ರೆಗೆ ಮೊಮ್ಮಗ ಬಂದನು. ಹತ್ತೊಂಬತ್ತರ ಹುಡುಗ; ಕಾಲೇಜಿನ ವಿದ್ಯಾರ್ಥಿ. ಬೆನ್ನಿಗೆ ಕಪ್ಪು ಚೀಲದಲ್ಲಿ ಗಿಟಾರು. ಅಜ್ಜಿ ಅದನ್ನು ದೇವರ ಮನೆಯ ಬಾಗಿಲಿಗೆ ಒರಗಿಸಿಟ್ಟರು. ಮೇಷ್ಟರು ಅದನ್ನೊಮ್ಮೆ ನೋಡಿ ಮುಖ ತಿರುಗಿಸಿದರು. ಅವರ ಮುಖ ಏಕೆ ಹಾಗಾಯಿತೆಂಬುದು ಹುಡುಗನಿಗೆ ತಿಳಿಯಲಿಲ್ಲ, ಅಜ್ಜಿಗೆ ತಿಳಿಯಿತು.

ಸಂಜೆ ಜಗಲಿಯಲ್ಲಿ ಕುಳಿತು ಹುಡುಗ ಫೋನಿನಲ್ಲಿ ಏನನ್ನೋ ಕೇಳುತ್ತಿದ್ದನು.

"ಏನಪ್ಪಾ ಅದು ಗದ್ದಲ?"

"ರಾಕ್ ಸಂಗೀತ, ತಾತ."

"ರಾಕ್ ಅಂದರೆ ಬಂಡೆ ತಾನೆ? ಬಂಡೆ ಬೇಕಾದರೆ ಕತ್ತೆತ್ತಿ ನೋಡು. ಸಮುದ್ರಕ್ಕಿಂತ 4,850 ಅಡಿ ಎತ್ತರದಲ್ಲಿ ಈಶ್ವರನೇ ಇಟ್ಟಿದ್ದಾನೆ. ಶಬ್ದ ಮಾಡದೆ ಕೂತಿದೆ."

ಹುಡುಗ ನಕ್ಕನು. ಅವನಿಗೆ ತಾತನ ಮಾತು ಹೊಸತಲ್ಲ. ಅದು ಅಮೆರಿಕದ ದಕ್ಷಿಣ ಸೀಮೆಯ ರಾಕ್ ಎಂದೂ, ಹಾಡುತ್ತಿರುವವರು ಆಲ್‌ಮನ್ ಸಹೋದರರ ತಂಡದವರೆಂದೂ, ಜಾರ್ಜಿಯಾ ಸಂಸ್ಥಾನದ ಮೇಕನ್ ಎಂಬ ಊರಿನಲ್ಲಿ ನೆಲೆಸಿದ್ದ ಈ ತಂಡದ ಮೊದಲ ಆಲ್ಬಮ್ 1969ರಲ್ಲಿ ಹೊರಬಂದಾಗ ಕೊಳ್ಳುವವರೇ ಹೆಚ್ಚಾಗಿರಲಿಲ್ಲವೆಂದೂ ವಿವರಿಸಿದನು. ಎರಡು ವರ್ಷಗಳ ತರುವಾಯ, 1971ರಲ್ಲಿ, ನ್ಯೂಯಾರ್ಕಿನ ಸಭಾಂಗಣವೊಂದರಲ್ಲಿ ಜನರ ಮುಂದೆ ನುಡಿಸಿದುದನ್ನು ಹಾಗೆಯೇ ಮುದ್ರಿಸಿ ತಂದಾಗಲೇ ಅವರಿಗೆ ಹೆಸರಾದದ್ದು.

ಮೇಷ್ಟರಿಗೆ ಬೇಕಾದುದು ಇದಾವುದೂ ಆಗಿರಲಿಲ್ಲ. ಆದರೆ ಹುಡುಗ ಕೊನೆಗೆ ಹೇಳಿದ ಒಂದು ಸಂಗತಿ ಅವರ ಕಿವಿಗೆ ಬಿತ್ತು. ಆ ಮೊದಲ ಆಲ್ಬಮ್ಮಿನ ಏಳು ರಚನೆಗಳಲ್ಲಿ ಒಂದು ಮಡ್ಡಿ ವಾಟರ್ಸ್ ಎಂಬ ಹಿರಿಯ ಕರಿಯ ಗಾಯಕನದು. ಆತ ಅದನ್ನು ಹಾಡಿ ಮುದ್ರಿಸಿದ್ದು 1955ರಲ್ಲಿ. ಆತನದೂ ಸಂಪೂರ್ಣ ಸ್ವಂತದ್ದಲ್ಲ. ಸ್ಲೀಪಿ ಜಾನ್ ಎಸ್ಟಿಸ್ ಎಂಬ ಇನ್ನೊಬ್ಬ ಬ್ಲೂಸ್ ಗಾಯಕ 1935ರಲ್ಲಿ ಹಾಡಿದ್ದರಿಂದ ಅದು ಬೆಳೆದು ಬಂದದ್ದು. ಮೂವತ್ತನಾಲ್ಕು ವರ್ಷಗಳಲ್ಲಿ ಒಂದು ಹಾಡು ಮೂರು ಕೈ ದಾಟಿತು. ಪ್ರತಿ ಕೈಯಲ್ಲಿಯೂ ಅದರ ವಾದ್ಯ ಬದಲಾಯಿತು, ವೇಗ ಬದಲಾಯಿತು. ಒಳಗಿನ ಅಳಲು ಮಾತ್ರ ಹಾಗೆಯೇ ಉಳಿಯಿತು.

"ಅದು ಅವರ ಸೀಮೆಯ ಮಾತು. ನಮ್ಮ ಪದಗಳನ್ನು ಹಾಗೆ ಮಾಡಿದರೆ ಪದ ಉಳಿಯುತ್ತದೆಯೇ?" ಎಂದರು ಮೇಷ್ಟರು.

"ಮಾಡಿದ್ದಾರೆ, ತಾತ. ಕೇಳ್ತೀರಾ?"

ಹುಡುಗ ಕೇಳಿಸಿದುದು ರಘು ದೀಕ್ಷಿತರ ಮೊದಲ ಆಲ್ಬಮ್ಮಿನ ಹಾಡು. ಈ ಆಲ್ಬಮ್ಮಿನ ಕಥೆ ಕೆಲವು ವಾಚಕರಿಗೆ ತಿಳಿದಿದ್ದೀತು. ಮೈಸೂರಿನಲ್ಲಿ ಬೆಳೆದ ಹುಡುಗ, ಭರತನಾಟ್ಯ ಕಲಿತವನು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವನು. ಗಿಟಾರು ಹಿಡಿದದ್ದು ಸಹಪಾಠಿಯೊಬ್ಬನ ಹಾಸ್ಯಕ್ಕೆ ಪಂಥ ಕಟ್ಟಿ. ತೊಂಬತ್ತರ ದಶಕದ ಕೊನೆಯಲ್ಲಿ ‘ಅಂತರಾಗ್ನಿ’ ಎಂಬ ತಂಡವನ್ನು ಕಟ್ಟಿದರು. ಅದು ಚದುರಿದ ಮೇಲೆ ಮತ್ತೊಂದನ್ನು ಕಟ್ಟಿದರು. ಹಾಡುಗಳನ್ನು ಹಿಡಿದು ಧ್ವನಿಮುದ್ರಣ ಸಂಸ್ಥೆಗಳ ಬಾಗಿಲುಗಳನ್ನು ವರ್ಷಗಟ್ಟಲೆ ತಟ್ಟಿದರೂ ತೆರೆದವರಿಲ್ಲ. ಮುಂಬಯಿಯ ಕಾರ್ಯಕ್ರಮವೊಂದರಲ್ಲಿ ಹಾಡುತ್ತಿದ್ದುದನ್ನು ಹಿಂದೀ ಚಿತ್ರಗಳ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಕೇಳಿ, ತಮ್ಮದೇ ಸಂಸ್ಥೆಯಿಂದ 2008ರಲ್ಲಿ ಆಲ್ಬಮ್ಮನ್ನು ಹೊರತಂದರು. ಅದರಲ್ಲಿದ್ದುದು ಎಂಟು ಹಾಡುಗಳು, ಹೆಚ್ಚಿನವು ಹಿಂದಿಯವು. ಆದರೆ ಆ ಎಂಟರ ನಡುವೆ ಎರಡು ಶಿಶುನಾಳ ಶರೀಫರ ಪದಗಳು: ಗುಡುಗುಡಿಯದು ಒಂದು, ಸೋರುವ ಮಾಳಿಗೆಯದು ಇನ್ನೊಂದು. ಎರಡು ವರ್ಷಗಳ ಅನಂತರ ಈ ಆಲ್ಬಮ್ ಇಂಗ್ಲೆಂಡಿನಲ್ಲಿಯೂ ಬಿಡುಗಡೆಯಾಯಿತು. 2010ರಲ್ಲಿ ತಂಡ ಬಿ.ಬಿ.ಸಿ.ಯ ಪ್ರಸಿದ್ಧ ಸಂಗೀತ ಕಾರ್ಯಕ್ರಮವೊಂದರಲ್ಲಿ ಹಾಡಿತು. ಹಾವೇರಿ ಜಿಲ್ಲೆಯ ಸಣ್ಣ ಊರಿನಲ್ಲಿ ಬಾಳಿದ ಒಬ್ಬ ಬಡ ಸಂತನ ಪದಗಳು ಗಿಟಾರಿನ ಹೆಗಲೇರಿ ಅಷ್ಟು ದೂರ ನಡೆದವು.

ಮೇಷ್ಟರು ಕೇಳಿದರು. ಮೊದಲು ಗಿಟಾರಿನ ನಾಲ್ಕು ತಂತಿ. ಅನಂತರ ಒಂದು ದೊಡ್ಡ ಕಂಠ. ಮಾಳಿಗೆಯ ಪದ. ಉತ್ತರದ ಸೀಮೆಯವರು ‘ಮಾಳಿಗಿ’ ಎನ್ನುವಂತೆಯೇ ಮೈಸೂರಿನ ಗಾಯಕನೂ ಎಂದದ್ದನ್ನು ಅವರು ಗಮನಿಸದೆ ಇರಲಿಲ್ಲ. ಕನ್ನಡ ಮೇಷ್ಟರ ಕಿವಿಗೆ ಅಂಥದು ತಪ್ಪಿಹೋಗುವುದಿಲ್ಲ. ಆದರೆ ಮಟ್ಟು ಬೇರೆಯಾಗಿತ್ತು. ಅವರು ಶನಿವಾರಗಳಂದು ಹಾಡುತ್ತ ಬಂದ ಮಟ್ಟಲ್ಲ. ಎರಡನೆಯ ನಿಮಿಷಕ್ಕೆ ಕೈಯೆತ್ತಿ ನಿಲ್ಲಿಸಿದರು.

"ಶರೀಫರ ಪದದ ಮಟ್ಟನ್ನೇ ಕೆಡಿಸಿದ್ದಾನೆ. ಹಳೆಯದನ್ನು ಹಳೆಯದರ ಹಾಗೆ ಹಾಡಬೇಕು."

"ಹಳೆಯ ಮಟ್ಟು ಯಾವುದು, ತಾತ?"

"ನಾನು ಹಾಡುವುದು."

"ಅದನ್ನು ನಿಮಗೆ ಯಾರು ಕಲಿಸಿದರು?"

ಮೇಷ್ಟರು ಉತ್ತರಿಸಲು ಬಾಯಿ ತೆರೆದರು, ಉತ್ತರ ಬರಲಿಲ್ಲ. ಗುರುಮುಖೇನ ಅವರು ಕಲಿತದ್ದು ತಾತಯ್ಯನವರ ಪದಗಳನ್ನು. ಶರೀಫರ ಪದಗಳನ್ನು ಅವರು ಕಲಿತದ್ದು ಕ್ಯಾಸೆಟ್ಟಿನಿಂದ. ಸಿ. ಅಶ್ವಥ್ ಅವರು ಶರೀಫರ ಪದಗಳಿಗೆ ಮಟ್ಟು ಹಾಕಿ, ಪಿಟೀಲು ಕೊಳಲು ತಬಲಗಳ ನಡುವೆ ನಿಲ್ಲಿಸಿ ಹಾಡಿದಾಗ ಕರ್ಣಾಟಕವೆಲ್ಲ ಅದನ್ನೇ ಹಾಡಿತು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದ ಮೇಲೆ ಹಾಡದವರೇ ಇಲ್ಲವಾಯಿತು. ಮೇಷ್ಟರು ಆಗ ತರುಣರು. ಟೇಪ್ ರೆಕಾರ್ಡರಿನ ಮುಂದೆ ಕುಳಿತು, ನಿಲ್ಲಿಸಿ, ಹಿಂದಕ್ಕೆ ಸುತ್ತಿ, ಮತ್ತೆ ಕೇಳಿ, ಒಂದೊಂದೇ ನುಡಿಯನ್ನು ಕಲಿತಿದ್ದರು. ಅಂದು ಅವರ ಭಜನೆಯ ಗುರುಗಳು, ಪೆಟ್ಟಿಗೆಯೊಳಗಿನ ಶರೀಫ ಶರೀಫನೇ ಅಲ್ಲವೆಂದು ಗೊಣಗಿದ್ದರು. ಏಕತಾರಿಯೊಂದೇ ಸಾಕಾಗಿದ್ದ ಪದಕ್ಕೆ ಇಷ್ಟೊಂದು ಪರಿವಾರವೇಕೆಂಬುದು ಅವರ ಆಕ್ಷೇಪ. ಆ ಗೊಣಗಾಟ ನಾಲ್ಕು ದಶಕಗಳನ್ನು ದಾಟಿ ಈಗ ತಮ್ಮ ಬಾಯಿಂದಲೇ ಹೊರಟಿತೆಂಬುದು ಮೇಷ್ಟರಿಗೆ ಹೊಳೆಯಿತು. ಹೊಳೆದುದನ್ನು ಒಪ್ಪಿಕೊಳ್ಳುವುದು ಬೇರೆ ಮಾತು.

"ಬುದ್ಧಿವಂತನಾಗಬೇಡ" ಎಂದು ಎದ್ದರು.

ಒಳಗೆ ಅಕ್ಕಿ ಆರಿಸುತ್ತಿದ್ದ ಅಜ್ಜಿ ಮೊರದಿಂದ ಕಣ್ಣೆತ್ತದೆಯೇ ಹೇಳಿದರು: "ಗುಡಿಗೆ ವಿಜಯನಗರದವರು ಬಂದು ಮಂಟಪ ಕಟ್ಟಿದರೆ ಚೆಂದ ಅಂತೀರಿ, ಬಂದವರಿಗೆಲ್ಲ ತೋರಿಸ್ತೀರಿ. ಹುಡುಗರು ಹಾಡಿಗೆ ಒಂದು ಮಂಟಪ ಕಟ್ಟಿದರೆ ಮಾತ್ರ ಯಾಕೆ ಸಿಟ್ಟು?"

ಆ ದಿನ ಮೇಷ್ಟರು ತೇರಿನ ಬಳಿ ಬಹಳ ಹೊತ್ತು ನಿಂತಿದ್ದು ತಡವಾಗಿ ಮನೆಗೆ ಬಂದರು.

ತತ್ತ್ವಪದ ಎಂಬುದು ವಿಚಿತ್ರವಾದ ವಸ್ತು. ಅದನ್ನು ಬರೆದವರು ಪಂಡಿತರ ಸಭೆಗಾಗಿ ಬರೆಯಲಿಲ್ಲ. ಶರೀಫರು 1819ರಲ್ಲಿ ಹುಟ್ಟಿದವರು. ಕೆಲಕಾಲ ಶಾಲೆಯ ಮಾಸ್ತರರಾಗಿದ್ದವರು. ಮುಸಲ್ಮಾನರ ಮನೆಯಲ್ಲಿ ಹುಟ್ಟಿ ಗೋವಿಂದಭಟ್ಟರನ್ನು ಗುರುವೆಂದು ಹಿಡಿದವರು. 1889ರಲ್ಲಿ ಕಣ್ಣು ಮುಚ್ಚಿದರು. ಸಂಪ್ರದಾಯದ ಲೆಕ್ಕದಂತೆ ಕೈವಾರದ ತಾತಯ್ಯನವರು 1726ರಿಂದ 1836ರವರೆಗೆ ನೂರಹತ್ತು ವರ್ಷ ಬಾಳಿದರು. ತಾತಯ್ಯನವರು ಸಮಾಧಿ ಹೊಂದಿದಾಗ ಶರೀಫರಿಗೆ ಹದಿನೇಳು. ಒಬ್ಬರನ್ನೊಬ್ಬರು ಕಾಣದ ಈ ಇಬ್ಬರೂ ಹಾಡಿಗೆ ಆರಿಸಿಕೊಂಡದ್ದು ಮನೆಯ ಸುತ್ತಿನ ಬದುಕನ್ನೇ. ಹುಕ್ಕ ಸೇದುವವನ ಕೈಯಲ್ಲಿರುವ ಗುಡುಗುಡಿಯನ್ನೇ ಶರೀಫರು ಯೋಗದ ಸಾಧನವನ್ನಾಗಿ ಮಾಡಿದರು. ಮಳೆಗಾಲದ ರಾತ್ರಿ ಎಲ್ಲರ ಮನೆಯಲ್ಲಿಯೂ ನಡೆಯುವ ಸೋರಾಟವನ್ನೇ ಅಜ್ಞಾನದ ಚಿತ್ರವನ್ನಾಗಿ ಮಾಡಿದರು. ಮಾಳಿಗೆ ಸೋರುತ್ತಿದೆ, ಕತ್ತಲೆ ಕವಿದಿದೆ, ಮೇಲೆ ಹತ್ತಿ ಎಲ್ಲಿ ತೂತಾಗಿದೆಯೆಂದು ನೋಡಲು ಮನೆಯವನಿಗೆ ಆಗದು. ಆ ಹಾಡಿನ ಸಂಕಟವೆಲ್ಲ ಇಷ್ಟೇ. ಮಾಳಿಗೆಯನ್ನೇ ಕಾಣದೆ ಮಹಡಿಯ ಮನೆಗಳಲ್ಲಿ ಬೆಳೆದ ತರುಣನಿಗೂ ಅದು ತಾಕುವುದು, ಸೋರುವ ಜಾಗ ಪ್ರತಿಯೊಬ್ಬನಲ್ಲಿಯೂ ಒಂದಾದರೂ ಇರುವುದರಿಂದ.

ಇಂಥ ಪದಕ್ಕೆ ಮಟ್ಟು ಒಂದು ಅಂಗಿ. ಅಂಗಿ ಹರಿದಾಗ ಮಗನಿಗೆ ಹೊಸ ಅಂಗಿ ಹೊಲಿಸಿದ ತಾಯಿಯನ್ನು ಯಾರೂ ಬೈಯುವುದಿಲ್ಲ. ಆದರೆ ಹೊಲಿಸಿದ ಅಂಗಿ ಮೈಗೆ ಕೂಡಬೇಕೆಂಬುದೂ ನಿಜ. ರಘು ದೀಕ್ಷಿತರ ಆಲ್ಬಮ್ಮಿನಲ್ಲಿ ಅದು ಕೂಡಿದೆಯೇ ಎಂಬುದರಲ್ಲಿ ಎರಡು ಅಭಿಪ್ರಾಯಗಳಿರಬಹುದು. ಅಶ್ವಥರ ಹಾಡಿಕೆಯಲ್ಲಿ ಕೂಗಿ ಎಚ್ಚರಿಸುವ ಒಬ್ಬ ಅವಧೂತನಿದ್ದಾನೆ. ಇದರಲ್ಲಿ ಸೋರುವ ಮನೆಯೊಳಗೇ ಕುಳಿತ ಒಬ್ಬ ತರುಣನಿದ್ದಾನೆ. ಅವಧೂತನ ಮಾತನ್ನು ಕೈಮುಗಿದು ಕೇಳುವುದು ಸುಲಭ. ತರುಣನ ಪಕ್ಕದಲ್ಲಿ ನೆನೆಯುತ್ತ ಕೂಡುವುದು ಕಷ್ಟ. ಈ ಆಲ್ಬಮ್ಮಿನ ಬೆಲೆ ಇರುವುದು ಈ ವ್ಯತ್ಯಾಸದಲ್ಲಿಯೇ ಎಂದರೆ ತಪ್ಪಾಗಲಾರದು. ಉಳಿದಂತೆ ಅದರಲ್ಲಿ ಏರುಪೇರುಗಳು ಇಲ್ಲದಿಲ್ಲ. ಎಂಟು ಹಾಡುಗಳೂ ಒಂದೇ ತೂಕದವಲ್ಲ. ಆದರೂ ಕನ್ನಡವನ್ನು ಕಾಲೇಜಿನ ಅಂಗಳದಲ್ಲಿ ಆಡಲು ನಾಚುತ್ತಿದ್ದ ಎಷ್ಟೋ ಹುಡುಗರು ಈ ಎರಡು ಪದಗಳನ್ನು ಗಟ್ಟಿಯಾಗಿ ಹಾಡಿದರು. ಪಂಚೆ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ವೇದಿಕೆಯ ಮೇಲೆ ಕುಣಿದು ಹಾಡುವ ಆ ಗಾಯಕನ ಚಿತ್ರವನ್ನು ಮೊಮ್ಮಗ ತೋರಿಸಿದಾಗ ಮೇಷ್ಟರೂ, "ಗೆಜ್ಜೆಯಾದರೂ ಕಟ್ಟಿದ್ದಾನಲ್ಲ" ಎಂದಿದ್ದರು. ಅದು ಅವರ ಮಟ್ಟಿಗೆ ದೊಡ್ಡ ಒಪ್ಪಿಗೆ.

ಇನ್ನು ಗಿಟಾರನ್ನು ಕಂಡು ಮೇಷ್ಟರ ಮುಖ ತಿರುಗಿದ ಕಾರಣವನ್ನು ಹೇಳಬೇಕು.

ಅವರ ಮಗನಿಗೂ ಹದಿನೇಳು ವರ್ಷವಾಗಿದ್ದ ಕಾಲವೊಂದಿತ್ತು. ಆಗ ಗಣೇಶನ ಹಬ್ಬಕ್ಕೆ ಚಿಕ್ಕಬಳ್ಳಾಪುರದಲ್ಲಿ ಹಾಡುತ್ತಿದ್ದ ಆರ್ಕೆಸ್ಟ್ರಾ ಒಂದಕ್ಕೆ ಆತ ಸೇರಿದ್ದನು. ರಜೆಯ ದಿನಗಳಲ್ಲಿ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡಿ ಕೂಡಿಟ್ಟ ಹಣದಿಂದ ಯಾರದೋ ಹಳೆಯ ಗಿಟಾರನ್ನು ಕೊಂಡು ತಂದನು. ಮೇಷ್ಟರು ಕೂಗಾಡಲಿಲ್ಲ, ಅವರ ಸ್ವಭಾವ ಅದಲ್ಲ. "ಕತ್ತಲಾಗುವುದರೊಳಗೆ ಕೊಟ್ಟವರಿಗೆ ಹಿಂದಕ್ಕೆ ಕೊಟ್ಟು ಬಾ. ಹಾಡು ಹೊಟ್ಟೆ ತುಂಬಿಸುವುದಿಲ್ಲ. ತುಂಬಿಸಬೇಕಾದ್ದೂ ಅಲ್ಲ" ಎಂದರು. ಹುಡುಗ ಕತ್ತಲಾಗುವುದರೊಳಗೆ ಕೊಟ್ಟು ಬಂದನು. ವಿಧೇಯನಾಗಿ ಬಿ.ಕಾಂ. ಮಾಡಿದನು, ಕೆಲಸ ಹಿಡಿದನು, ಮದುವೆಯಾದನು. ಅಂದಿನಿಂದ ಅವನ ಬಾಯಿಂದ ಒಂದು ಹಾಡೂ ಹೊರಡಲಿಲ್ಲ. ಹಬ್ಬದ ದಿನ ಮಂಗಳಾರತಿಯ ಹೊತ್ತಿಗೆ ಎಲ್ಲರೂ ಹಾಡಿದರೆ ಅವನು ಗಂಟೆ ಬಾರಿಸುತ್ತಿದ್ದನು. ಮಗನಿಗೆ ಸಂಗೀತದ ಒಲವಿಲ್ಲವೆಂದು ಮೇಷ್ಟರು ಬರಬರುತ್ತ ನಂಬಿಬಿಟ್ಟರು. ಹಾಗೆ ನಂಬುವುದು ಅವರಿಗೆ ಅನುಕೂಲವಾಗಿತ್ತು. ಶನಿವಾರದ ತಂಡದಲ್ಲಿ ಒಬ್ಬೊಬ್ಬರೇ ಕಡಿಮೆಯಾಗುತ್ತ ಬಂದಾಗ, ತಂಬೂರಿಯನ್ನು ಯಾರ ಕೈಗೆ ಕೊಡಲಿ ಎಂದು ಅವರು ಮರುಗಿದ್ದುಂಟು; ಕೊಡಬಹುದಾಗಿದ್ದ ಕೈ ಮನೆಯಲ್ಲೇ ಇತ್ತೆಂದು ನೆನೆದುದಿಲ್ಲ.

ಭಾದ್ರಪದದಲ್ಲಿ ಮಳೆ ಹಿಡಿಯಿತು. ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಮಳೆ ಬಾರದಿದ್ದರೆ ವರ್ಷಗಟ್ಟಲೆ ಬಾರದು. ಬಂದರೆ ಹೇಳಿ ಕೇಳಿ ಬಾರದು. ಮನೆಯ ವಿಷಯವನ್ನು ಈ ಬಾರಿ ಇತ್ಯರ್ಥ ಮಾಡಿಯೇ ಹೋಗುವೆನೆಂದು ಮಗ ಬಂದಿದ್ದನು, ಜೊತೆಗೆ ಮೊಮ್ಮಗ. ಊಟವಾಗಿ ಮಾತು ಆರಂಭವಾಗುವ ಮೊದಲೇ ನಡುಮನೆಯ ಮಾಳಿಗೆ ಸೋರತೊಡಗಿತು. ಅಜ್ಜಿ ತಪ್ಪಲೆ, ಕೊಳಗ, ಬಕೀಟುಗಳನ್ನು ಸಾಲಾಗಿ ಇಟ್ಟರು. ಒಂದೊಂದು ಪಾತ್ರೆಗೆ ಒಂದೊಂದು ಸ್ವರ. ಅಷ್ಟರಲ್ಲಿ ವಿದ್ಯುತ್ತು ಹೋಯಿತು.

ಕತ್ತಲೆಯಲ್ಲಿ ಮೊಮ್ಮಗ ನಗುತ್ತ ಹೇಳಿದನು: "ತಾತ, ನಿಮ್ಮ ಪದ ಬಂತು ನೋಡಿ."

"ಯಾವ ಪದ?"

"ಅದೇ. ಜಾತ್ರೆಯಲ್ಲಿ ನಾನು ಕೇಳಿಸಿದ್ದು. ಅದನ್ನು ನನಗೆ ಮೊದಲು ಕೇಳಿಸಿದವರು ಯಾರು ಗೊತ್ತಾ? ಅಪ್ಪ."

ಮಗ, "ಸುಮ್ಮನಿರೋ" ಎಂದನು. ಹುಡುಗ ಸುಮ್ಮನಿರಲಿಲ್ಲ. ಮನೆಯ ಬೀರುವಿನಲ್ಲಿ, ವಿಮೆಯ ರಸೀದಿಗಳ ಹಿಂದೆ, ಆ ಆಲ್ಬಮ್ಮಿನ ಸಿ.ಡಿ. ಇರುವುದನ್ನೂ, ತನಗೆ ಎರಡು ವರ್ಷವಾಗಿದ್ದಾಗ ಅಪ್ಪ ಅದನ್ನು ಕೊಂಡು ತಂದದ್ದನ್ನೂ, ಅದರ ಡಬ್ಬಿಯ ಮೂಲೆ ಒಡೆದು ಅಂಟುಪಟ್ಟಿ ಹಾಕಿರುವುದನ್ನೂ, ರಾತ್ರಿ ಎಲ್ಲರೂ ಮಲಗಿದ ಮೇಲೆ ಅಪ್ಪ ಅದನ್ನು ಸಣ್ಣ ದನಿಯಲ್ಲಿ ಹಾಕಿಕೊಂಡು ಕೇಳುತ್ತಿದ್ದುದನ್ನೂ ಹೇಳಿದನು. "ಎಂಟು ಹಾಡಲ್ಲಿ ಎರಡೇ ಕೇಳೋರು. ಅದರಲ್ಲೂ ಮಾಳಿಗೆಯದೇ ಜಾಸ್ತಿ. ಯಾಕೆ ಅಂತ ಒಂದು ದಿನ ಕೇಳಿದೆ. ‘ಇದು ನಮ್ಮ ಅಪ್ಪ ಹಾಡೋ ಪದ’ ಅಂದರು."

ಪಾತ್ರೆಗಳಲ್ಲಿ ನೀರು ಬೀಳುವ ಶಬ್ದವೊಂದೇ ಕೇಳುತ್ತಿತ್ತು. ಮೇಷ್ಟರು ಏನನ್ನೂ ಹೇಳಲಿಲ್ಲ. ಕತ್ತಲೆ ಇದ್ದುದು ಒಳ್ಳೆಯದಾಯಿತು.

ಬಹಳ ಹೊತ್ತಿನ ಮೇಲೆ ಅವರು ಕೇಳಿದರು: "ಆ ಗಿಟಾರಿಗೆ ಎಷ್ಟು ಕೊಟ್ಟಿದ್ದೆ?"

ಯಾವ ಗಿಟಾರು ಎಂದು ಯಾರೂ ಕೇಳಲಿಲ್ಲ.

"ನಾನೂರು ರೂಪಾಯಿ, ಅಪ್ಪ."

"ಅವನು ಪೂರ್ತಿ ಹಿಂದಕ್ಕೆ ಕೊಟ್ಟನೋ?"

"ಮುನ್ನೂರು ಕೊಟ್ಟ."

"ನೂರು ರೂಪಾಯಿ ನಷ್ಟ" ಎಂದರು ಮೇಷ್ಟರು. ಅವರ ದನಿ ಸರಿಯಾಗಿರಲಿಲ್ಲ. "ಅದನ್ನು ನನಗೆ ಹೇಳಲೇ ಇಲ್ಲವಲ್ಲೋ."

"ನೀವು ಕೇಳಲಿಲ್ಲ."

ಆ ಮಾತಿನಲ್ಲಿ ಆರೋಪವಿರಲಿಲ್ಲ. ಲೆಕ್ಕ ಬರೆಯುವವನ ಮಾತಿನಂತೆ ಇದ್ದುದನ್ನು ಇದ್ದಂತೆ ಹೇಳಿದುದಷ್ಟೆ. ಮೂರು ದಶಕಗಳಲ್ಲಿ ತಂದೆಮಕ್ಕಳು ಆಡಿಕೊಂಡ ಅತ್ಯಂತ ದೀರ್ಘವಾದ ಸಂಭಾಷಣೆ ಅದು.

ಮೊಮ್ಮಗ ಚೀಲದಿಂದ ಗಿಟಾರನ್ನು ತೆಗೆದನು. ನುಡಿಸಿದುದು ಮೇಷ್ಟರ ಮಟ್ಟೂ ಅಲ್ಲ, ಆಲ್ಬಮ್ಮಿನ ಮಟ್ಟೂ ಅಲ್ಲ; ಎರಡರ ನಡುವೆ ಎಲ್ಲೋ ತಡವರಿಸುತ್ತ ಹೋಗುವ ಹೊಸಗಾರನ ಮಟ್ಟು. ತುಂಬಿದ ಬಕೀಟನ್ನು ಹೊರಕ್ಕೆ ಚೆಲ್ಲಿ ಬರಲು ಎದ್ದ ಮಗ, ಬಾಗಿಲ ಬಳಿ, ತನಗೆ ತಾನೇ ಎಂಬಂತೆ ಪಲ್ಲವಿಯನ್ನು ಗುನುಗಿದನು. ಕಂಠ ಒಡೆದಿತ್ತು. ಆದರೆ ಶ್ರುತಿ ನಿಂತಿತ್ತು. ಆ ಶ್ರುತಿಯನ್ನು ಮೇಷ್ಟರು ಬಲ್ಲರು, ಅದು ಅವರದೇ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಆ ಮೂಲೆಯಲ್ಲೂ ಸೋರುತ್ತಿದೆ" ಎಂದು ಇನ್ನೊಂದು ಪಾತ್ರೆ ತರುವ ನೆವದಿಂದ ಅಡಿಗೆಯ ಮನೆಗೆ ಹೋದರು.

ಮೇಷ್ಟರು ಎದ್ದು, ಕತ್ತಲೆಯಲ್ಲಿಯೇ ಗೋಡೆಯನ್ನು ತಡವಿ, ಮೊಳೆಯಿಂದ ತಂಬೂರಿಯನ್ನು ಇಳಿಸಿದರು. ತಂತಿಯನ್ನು ಮೀಟಿ ನೋಡಿದರು. ಎರಡು ವರ್ಷ ಯಾರೂ ಮುಟ್ಟದ ತಂತಿ; ಬಿಗಿಯಲು ಹೋದಾಗ ಕಡಿದುಹೋಯಿತು.

"ನಾಳೆ ಚಿಕ್ಕಬಳ್ಳಾಪುರಕ್ಕೆ ಹೋದರೆ ಒಂದು ತಂತಿ ತಾ" ಎಂದರು, ಯಾರಿಗೆಂದು ಹೇಳದೆ.

"ತರುತ್ತೇನೆ" ಎಂದು ಉತ್ತರಿಸಿದವನು ಮಗ.

ಬೆಳಗ್ಗೆ ಮಳೆ ಬಿಟ್ಟಿತ್ತು. ಬೆಟ್ಟದ ನೆತ್ತಿಯನ್ನು ಮೋಡ ಮುಚ್ಚಿತ್ತು. ಗುಡಿಯ ಕಡೆಯಿಂದ ಗಂಟೆ ಕೇಳುತ್ತಿತ್ತು. ಮನೆಯ ಇತ್ಯರ್ಥ ಅಂದೂ ಆಗಲಿಲ್ಲ. ಕೆಡವುವುದೋ, ಇನ್ನೊಂದು ವರ್ಷ ಚೌಳು ಮಣ್ಣಿನಲ್ಲಿ ನೂಕುವುದೋ ಎಂಬುದನ್ನು ತೀರ್ಮಾನಿಸುವ ಮೊದಲು ಎಲ್ಲಿ ಸೋರುತ್ತಿದೆಯೆಂದು ನೋಡಬೇಕಲ್ಲವೇ ಎಂದು ಮೇಷ್ಟರು ಹೇಳಿದರು. ಮಗ ಪಕ್ಕದ ಮನೆಯಿಂದ ಏಣಿ ತಂದು ಗೋಡೆಗೆ ಒರಗಿಸಿದನು. ಮೊಮ್ಮಗ ಅದರ ಬುಡವನ್ನು ಹಿಡಿದನು. ಮೊದಲು ಮಗ ಹತ್ತಿದನು. ಅವನ ಹಿಂದೆ, ಅಜ್ಜಿ ಬೇಡವೆಂದು ಕೂಗುತ್ತಿದ್ದರೂ ಕೇಳದೆ, ಪಂಚೆಯನ್ನು ಎತ್ತಿಕಟ್ಟಿ ಮೇಷ್ಟರೂ ಹತ್ತಿದರು. ಕೊನೆಯ ಮೆಟ್ಟಿಲಿನಲ್ಲಿ ಅವರ ಕಾಲು ತಡವರಿಸಿತು. ಮಗ ಬಗ್ಗಿ ಕೈ ಕೊಟ್ಟನು. ಮೇಷ್ಟರು ಆ ಕೈಯನ್ನು ಹಿಡಿದು ಮಾಳಿಗೆಯ ಮೇಲೆ ಕಾಲಿಟ್ಟರು.